ಸೇವಾ ಕೌಂಟರ್‌ನ ಹಳೆಯ ಪ್ರೋಗ್ರಾಂ: ಎಕ್ಸ್‌ಪಿಯಿಂದ ಲಿನಕ್ಸ್‌ಗೆ

ನಮ್ಮೂರ ದೇವಸ್ಥಾನದ ಕೌಂಟರ್‌ನಲ್ಲಿ ಒಂದು ಹಳೆಯ ಪ್ರೋಗ್ರಾಂ ಇದೆ. ಸೇವಾ ರಶೀದಿ ಮಾಡುವುದು, ಸಂಜೆ ಲೆಕ್ಕ ತೆಗೆಯುವುದು, ಶಾಶ್ವತ ಪೂಜೆಯವರ ಪಟ್ಟಿ ಇಡುವುದು ಅದರ ಕೆಲಸ. ವಿಷುಯಲ್ ಬೇಸಿಕ್ 6 ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಬರೆದವರು ಈಗ ಊರಲ್ಲಿಲ್ಲ. ಸೋರ್ಸ್ ಕೋಡ್ (ಪ್ರೋಗ್ರಾಂ ತಿದ್ದಲು ಬೇಕಾದ ಮೂಲ ಬರಹ) ಯಾರ ಹತ್ತಿರವೂ ಇಲ್ಲ. ಅದು ಓಡುತ್ತಿದ್ದದ್ದು ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಡೆಸ್ಕ್‌ಟಾಪ್‌ನಲ್ಲಿ. ಆ ಯಂತ್ರ ಒಮ್ಮೆ ಆನ್ ಆಗುತ್ತಿತ್ತು, ಒಮ್ಮೆ ಆಗುತ್ತಿರಲಿಲ್ಲ. ಈಗ ಅದೇ ಪ್ರೋಗ್ರಾಂ ಲಿನಕ್ಸ್ ಮೇಲೆ, ವೈನ್‌ನಲ್ಲಿ ಓಡುತ್ತಿದೆ. ಲಿನಕ್ಸ್ ಅಂದರೆ ವಿಂಡೋಸ್‌ನ ಬದಲು ಕಂಪ್ಯೂಟರ್ ನಡೆಸುವ ಮುಕ್ತ ವ್ಯವಸ್ಥೆ, ವೈನ್ ಅಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಅದರ ಮೇಲೆ ಓಡಿಸುವ ತಂತ್ರಾಂಶ. ಇಂಥದ್ದೇ ಕೆಲಸ ಕೈಗೆತ್ತಿಕೊಳ್ಳುವವರಿಗೆ ಉಪಯೋಗವಾಗಲಿ ಅಂತ ಏನೇನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ರಶೀದಿ ಮಾಡಲು ಇವತ್ತು ಹೊಸ ಪ್ರೋಗ್ರಾಂಗಳು ಬೇಕಾದಷ್ಟು ಸಿಗುತ್ತವೆ. ಶಾಶ್ವತ ಪೂಜೆಯ ಪಟ್ಟಿ ಹಾಗಲ್ಲ. ಯಾರೋ ಒಬ್ಬರು ತಂದೆಯ ಹೆಸರಲ್ಲಿ ಒಮ್ಮೆ ಹಣ ಕಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಅದೇ ತಿಥಿಗೆ ಪೂಜೆ ಆಗಬೇಕು, ಪ್ರಸಾದ ಅಂಚೆಯಲ್ಲಿ ಹೋಗಬೇಕು. ಕಟ್ಟಿದವರು ಈಗ ಮುಂಬೈಯಲ್ಲೋ ದುಬೈಯಲ್ಲೋ ಇರಬಹುದು. ಕೆಲವರು ತೀರಿಕೊಂಡಿದ್ದಾರೆ, ಮಕ್ಕಳಿಗೆ ಪ್ರಸಾದ ಹೋಗುತ್ತದೆ. ಹೆಸರು, ಗೋತ್ರ, ನಕ್ಷತ್ರ, ಮಾಸ, ಪಕ್ಷ, ತಿಥಿ, ವಿಳಾಸ ಎಲ್ಲ ಇರುವುದು ಒಂದೇ ಒಂದು ಡೇಟಾಬೇಸ್ ಫೈಲಿನಲ್ಲಿ. ಅದರಲ್ಲಿ ಒಂದು ಸಾಲು ಹೋದರೂ ಒಂದು ಮನೆಯವರಿಗೆ ಕೊಟ್ಟ ಮಾತು ತಪ್ಪಿದ ಹಾಗೆ. ಹಾಗಾಗಿ ನನ್ನ ಮಟ್ಟಿಗೆ ಇದು ಬರೀ ಪ್ರೋಗ್ರಾಂ ಓಡಿಸುವ ಕೆಲಸ ಆಗಿರಲಿಲ್ಲ. ಡೇಟಾ ಉಳಿಯಬೇಕು, ಅದು ಹೊಸ ಜಾಗಕ್ಕೆ ಹೋಗುವ ತನಕ ಕೌಂಟರ್ ನಿಲ್ಲಬಾರದು.

ವಿಂಡೋಸನ್ನೇ ಹೊಸದಾಗಿ ಹಾಕಬಹುದಿತ್ತಲ್ವಾ ಅಂತ ಕಮಿಟಿಯವರು ಕೇಳಿದರು. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ದಾನವಾಗಿ ಬಂದಿದ್ದ ಇನ್ನೊಂದು ಕಂಪ್ಯೂಟರ್ ಗಟ್ಟಿಯಾಗಿದ್ದರೂ ಅದರ ಪ್ರೊಸೆಸರ್ ವಿಂಡೋಸ್ 11ಕ್ಕೆ ಆಗುವುದಿಲ್ಲ. ವರ್ಚುವಲ್ ಯಂತ್ರದೊಳಗೆ ಎಕ್ಸ್‌ಪಿ ಹಾಕುವುದು ಇನ್ನೊಂದು ದಾರಿ. ಅದು ಓಡುತ್ತದೆ, ಅನುಮಾನ ಇಲ್ಲ. ಆದರೆ ಕೌಂಟರ್‌ನಲ್ಲಿ ಕೂರುವ ರಾಯರಿಗೆ ಎರಡು ಡೆಸ್ಕ್‌ಟಾಪ್, ಎರಡು ಕಡೆ ಪ್ರಿಂಟರ್, ಎರಡು ಕಡೆ ಶಟ್‌ಡೌನ್. ರಶ್ ಇರುವ ಸೋಮವಾರ ಇದೆಲ್ಲ ತಲೆನೋವು. ವೈನ್‌ನಲ್ಲಿ ಒಂದು ಐಕಾನ್, ಒಂದು ಕ್ಲಿಕ್, ಅಷ್ಟೇ. ಹಾಗಾಗಿ ದಾನದ ಆ ಕಂಪ್ಯೂಟರಿಗೆ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿದೆ, ಜೊತೆಗೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್.

ಮೊದಲು ಹಳೆಯ ಯಂತ್ರ

ಹಳೆಯ ಪೆಟ್ಟಿಗೆ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಪ್ರೊಸೆಸರ್ ಪಕ್ಕದ ಕೆಪ್ಯಾಸಿಟರ್‌ಗಳ ತಲೆ ಊದಿತ್ತು. ಒಂದರಿಂದ ಕಂದು ಬಣ್ಣದ ರಸ ಸೋರಿತ್ತು. ಆ ಕಾಲದ ಬೋರ್ಡುಗಳಲ್ಲಿ ಇದು ಮಾಮೂಲಿ.

ಆದರೆ ರಿಪೇರಿಗೆ ಮುಂಚೆ ಡಿಸ್ಕ್. ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದು, ಐಡಿಇಯಿಂದ (ಹಳೆಯ ಡಿಸ್ಕುಗಳ ಜೋಡಣೆ) ಯುಎಸ್‌ಬಿಗೆ ಹೋಗುವ ಕೇಬಲ್ ಹಾಕಿ, ಡಿಡಿರೆಸ್ಕ್ಯೂ ಅನ್ನುವ ಸಲಕರಣೆಯಿಂದ ಇಡೀ ಡಿಸ್ಕಿನ ಪ್ರತಿ ತೆಗೆದೆ. ಸುಮ್ನೆ ಫೈಲ್ ಕಾಪಿ ಮಾಡುವುದಕ್ಕಿಂತ ಇದು ಒಳ್ಳೆಯದು. ಓದಲು ಬಾರದ ಜಾಗ ಸಿಕ್ಕರೆ ಡಿಡಿರೆಸ್ಕ್ಯೂ ಅಲ್ಲೇ ಒದ್ದಾಡುತ್ತಾ ಕೂರುವುದಿಲ್ಲ. ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಓದಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅಂತ ಒಂದು ಮ್ಯಾಪ್ ಫೈಲ್ ಬರೆದಿಡುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಪುಣ್ಯಕ್ಕೆ ಈ ಡಿಸ್ಕಿನಲ್ಲಿ ಕೆಟ್ಟ ಜಾಗ ಇರಲಿಲ್ಲ. ಪ್ರತಿಯನ್ನು ಓದಲು ಮಾತ್ರ ಅನುಮತಿ ಇರುವಂತೆ ಮೌಂಟ್ ಮಾಡಿ (ಲಿನಕ್ಸ್‌ಗೆ ಜೋಡಿಸಿ), ಕ್ಲಾಮ್‌ಎವಿ ಅನ್ನುವ ತಂತ್ರಾಂಶದಿಂದ ವೈರಸ್ ಇದೆಯಾ ಅಂತ ನೋಡಿದೆ. ಈ ಹೆಜ್ಜೆ ಬಿಡಬೇಡಿ. ಪೆನ್‌ಡ್ರೈವ್ ಕಾಲದ ಆಟೋರನ್ ವೈರಸ್‌ಗಳು ಇಂಥ ಯಂತ್ರಗಳಲ್ಲಿ ಇನ್ನೂ ಕೂತಿರುತ್ತವೆ. ವೈನ್ ವಿಂಡೋಸ್ ಪ್ರೋಗ್ರಾಂ ಓಡಿಸುತ್ತದೆ ಅಂದ ಮೇಲೆ ವಿಂಡೋಸ್ ವೈರಸ್ಸನ್ನೂ ಓಡಿಸಬಲ್ಲದು.

ಆಮೇಲೆ ಕೆಪ್ಯಾಸಿಟರ್ ಬದಲಿಸಿದೆ. 6.3 ವೋಲ್ಟ್, 105 ಡಿಗ್ರಿಯವು, ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವವು) ಅಂತ ಕೇಳಿ ತೆಗೆದುಕೊಂಡೆ. ಮಾಮೂಲಿ ಕೆಪ್ಯಾಸಿಟರ್ ಹಾಕಿದರೆ ಆ ಜಾಗದಲ್ಲಿ ಬಾಳುವುದಿಲ್ಲ. ಹಳೆಯ ಯಂತ್ರ ಎದ್ದು ನಿಂತಿತು. ಅದನ್ನು ಮತ್ತೆ ಕೌಂಟರ್‌ಗೆ ಇಡಬೇಕು ಅಂತಲ್ಲ. ಹೊಸದರಲ್ಲಿ ಬರುವ ಲೆಕ್ಕ, ರಶೀದಿ ಎಲ್ಲ ಸರಿ ಇದೆಯಾ ಅಂತ ಹೋಲಿಸಿ ನೋಡಲು ಒಂದು ಮೂಲ ಬೇಕಿತ್ತು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟದ್ದು ಅದೇ.

ವೈನ್ ಕೂರಿಸಿದ್ದು

ವೈನ್ ಯೋಜನೆ ಶುರುವಾದದ್ದು 1993ರಲ್ಲಿ. 1.0 ಆವೃತ್ತಿ ಬಂದದ್ದು 2008ರ ಜೂನ್‌ನಲ್ಲಿ. ಇದು ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಟಿಸುವುದಿಲ್ಲ. ವಿಂಡೋಸ್ ಪ್ರೋಗ್ರಾಂ "ಈ ಫೈಲ್ ತೆರೆ", "ಇಲ್ಲೊಂದು ಕಿಟಕಿ ಬಿಡಿಸು" ಅಂತ ಕೇಳಿದ್ದನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ದಾಟಿಸುತ್ತದೆ. ಹಾಗಾಗಿ ಹಳೆಯ ಯಂತ್ರದಲ್ಲೂ ವೇಗ ಚೆನ್ನಾಗಿರುತ್ತದೆ.

ಡೆಬಿಯನ್ 12ರಲ್ಲಿ ಬರುವುದು ವೈನ್ 8.0. ಲಿನಕ್ಸ್ 64 ಬಿಟ್ ಇದ್ದರೂ ವಿಷುಯಲ್ ಬೇಸಿಕ್ 6ರ ಪ್ರೋಗ್ರಾಂ 32 ಬಿಟ್. ಅದಕ್ಕೆ ಮೊದಲು ಐ386 (32 ಬಿಟ್) ಆರ್ಕಿಟೆಕ್ಚರನ್ನು ಡೆಬಿಯನ್‌ನ ಪ್ಯಾಕೇಜ್ ನಿರ್ವಾಹಕ ಡಿಪಿಕೆಜಿಗೆ ಸೇರಿಸಿ, ವೈನ್32 ಪ್ಯಾಕೇಜ್ ಹಾಕಬೇಕು. ಆಮೇಲೆ ಪ್ರಿಫಿಕ್ಸ್. ಪ್ರಿಫಿಕ್ಸ್ ಅಂದರೆ ಒಂದು ಫೋಲ್ಡರ್. ಅದರೊಳಗೆ ಸಿ ಡ್ರೈವ್, ವಿಂಡೋಸ್ ಫೋಲ್ಡರ್, ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜ) ಎಲ್ಲ ಇರುತ್ತದೆ. ಸೇವಾ ಪ್ರೋಗ್ರಾಂಗೆ ಅಂತಲೇ ಪ್ರತ್ಯೇಕ ಪ್ರಿಫಿಕ್ಸ್ ಮಾಡಿದೆ, 32 ಬಿಟ್ ಅಂತ ಹೇಳಿಯೇ ಮಾಡಿದೆ. ಪ್ರಿಫಿಕ್ಸ್ ಒಮ್ಮೆ 64 ಬಿಟ್ ಆಗಿ ಹುಟ್ಟಿದರೆ ಆಮೇಲೆ 32 ಮಾಡಲು ಬರುವುದಿಲ್ಲ, ಅಳಿಸಿ ಹೊಸದೇ ಮಾಡಬೇಕು. ವೈನ್‌ನ ಸೆಟ್ಟಿಂಗ್ ಕಿಟಕಿಯಾದ ವೈನ್‌ಸಿಎಫ್‌ಜಿಯಲ್ಲಿ ವಿಂಡೋಸ್ ಆವೃತ್ತಿ ಎಕ್ಸ್‌ಪಿ ಅಂತ ಇಟ್ಟೆ.

ಇನ್ನು ಪ್ರೋಗ್ರಾಂಗೆ ಬೇಕಾದ ಪರಿವಾರ. ಇಂಥ ಪ್ರೋಗ್ರಾಂನಲ್ಲಿ ಎಕ್ಸ್ಇ ಫೈಲ್ (ಪ್ರೋಗ್ರಾಂನ ಮುಖ್ಯ ಫೈಲ್) ಚಿಕ್ಕದು, ಅದು ಅವಲಂಬಿಸಿರುವುದು ಜಾಸ್ತಿ. ವಿಷುಯಲ್ ಬೇಸಿಕ್ 6ರ ರನ್‌ಟೈಮ್ (ಆ ಭಾಷೆಯ ಪ್ರೋಗ್ರಾಂ ಓಡಲು ಬೇಕಾದ ಫೈಲುಗಳು) ವೈನ್‌ನಲ್ಲಿ ಇರುವುದಿಲ್ಲ. ಇಂಥ ಫೈಲುಗಳನ್ನು ತಂದು ಹಾಕುವ ವೈನ್‌ಟ್ರಿಕ್ಸ್ ಅನ್ನುವ ಸ್ಕ್ರಿಪ್ಟ್‌ನಲ್ಲಿ ‘ವಿಬಿ6ರನ್’ ಅಂತ ಕೇಳಿದರೆ ತಂದು ಹಾಕುತ್ತದೆ. ಅದನ್ನು ಹಾಕಿ ಪ್ರೋಗ್ರಾಂ ಕ್ಲಿಕ್ ಮಾಡಿದರೆ ಮೊದಲ ತಕರಾರು ಬಂತು: ಇಂಥ ಓಸಿಎಕ್ಸ್ ಸರಿಯಾಗಿ ನೋಂದಣಿ ಆಗಿಲ್ಲ, ಫೈಲ್ ಇಲ್ಲ ಅಥವಾ ಸರಿ ಇಲ್ಲ. ಓಸಿಎಕ್ಸ್ ಅಂದರೆ ಬಟನ್ ಪಟ್ಟಿ, ಕೋಷ್ಟಕ, ತಾರೀಕಿನ ಪೆಟ್ಟಿಗೆ ಇಂಥ ಸಿದ್ಧ ಭಾಗಗಳು. ಒಂದೊಂದೇ ತಕರಾರು ನೋಡಿ ಒಂದೊಂದೇ ಹುಡುಕುತ್ತಾ ಕೂರಬೇಕಾಗಿಲ್ಲ. ಆ ಕಾಲದಲ್ಲಿ ವಿಷುಯಲ್ ಬೇಸಿಕ್‌ನ ಪ್ಯಾಕೇಜ್ ಮಾಡುವ ವಿಝಾರ್ಡ್ ಸೆಟಪ್ ಫೋಲ್ಡರಿನಲ್ಲಿ ‘ಸೆಟಪ್ ಡಾಟ್ ಎಲ್‌ಎಸ್‌ಟಿ’ ಅಂತ ಒಂದು ಫೈಲ್ ಇಡುತ್ತಿತ್ತು. ಬರೀ ಪಠ್ಯ, ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಯಾವ ಫೈಲ್ ಎಲ್ಲಿಗೆ ಹೋಗಬೇಕು, ಯಾವುದನ್ನು ನೋಂದಣಿ ಮಾಡಬೇಕು ಎಲ್ಲ ಅದರಲ್ಲಿ ಸಾಲಾಗಿ ಇರುತ್ತದೆ. ನಮ್ಮ ಡಿಸ್ಕಿನ ಡಿ ಡ್ರೈವಿನಲ್ಲಿ ಆ ಸೆಟಪ್ ಫೋಲ್ಡರ್ ಹಾಗೇ ಉಳಿದಿತ್ತು.

ಸೆಟಪ್ಪನ್ನು ನಾನು ಓಡಿಸಲಿಲ್ಲ. ಅದು ವಿಂಡೋಸ್‌ನ ಸ್ವಂತ ಫೈಲುಗಳನ್ನೂ ಹಳೆಯದರಿಂದ ಬದಲಿಸಲು ನೋಡುತ್ತದೆ. ಪಟ್ಟಿ ಓದಿ ಓಸಿಎಕ್ಸ್‌ಗಳನ್ನು ಮಾತ್ರ ಪ್ರಿಫಿಕ್ಸ್‌ನ ಸಿಸ್ಟಮ್32 ಫೋಲ್ಡರಿಗೆ ಹಾಕಿ, ‘ರೆಗ್‌ಎಸ್‌ವಿಆರ್32’ ಅನ್ನುವ ಕಮಾಂಡ್‌ನಿಂದ ಒಂದೊಂದನ್ನೂ ನೋಂದಣಿ ಮಾಡಿದೆ. ಹಳೆಯ ಎಕ್ಸ್‌ಪಿಯ ಸಿಸ್ಟಮ್32 ಫೋಲ್ಡರನ್ನು ಇಡಿಯಾಗಿ ತಂದು ಸುರಿಯುವವರನ್ನು ನೋಡಿದ್ದೇನೆ. ಹಾಗೆ ಮಾಡಲೇಬಾರದು. ಕರ್ನಲ್32, ಯೂಸರ್32 ಇಂಥ ವಿಂಡೋಸ್‌ನ ಮೂಲ ಫೈಲುಗಳನ್ನು ವೈನ್ ತಾನೇ ಹೊಸದಾಗಿ ಬರೆದುಕೊಂಡಿದೆ. ಅವುಗಳ ಜಾಗಕ್ಕೆ ಮೈಕ್ರೋಸಾಫ್ಟ್‌ನವು ಬಂದರೆ ಏನೂ ಓಡುವುದಿಲ್ಲ.

ಎರಡನೆಯ ತಕರಾರು 3706 ಸಂಖ್ಯೆಯದು: ಪ್ರೊವೈಡರ್ (ಡೇಟಾಬೇಸ್‌ಗೆ ಕೊಂಡಿಯಾಗುವ ಭಾಗ) ಸಿಗಲಿಲ್ಲ. ನಮ್ಮ ಡೇಟಾಬೇಸ್ ಮೈಕ್ರೋಸಾಫ್ಟ್ ಆಕ್ಸೆಸ್‌ನ ಎಂಡಿಬಿ ಫೈಲ್. ಅದನ್ನು ಓದುವುದು ಜೆಟ್ 4.0 ಎಂಜಿನ್. ಅದೂ ವೈನ್‌ನಲ್ಲಿಲ್ಲ. ವೈನ್‌ಟ್ರಿಕ್ಸ್‌ನಿಂದ ಎಂಡಿಎಸಿ 2.8 (ಡೇಟಾಬೇಸ್ ಕೊಂಡಿಯ ಭಾಗಗಳು), ಆಮೇಲೆ ಜೆಟ್40 ಹಾಕಿದೆ. 32 ಬಿಟ್ ಪ್ರಿಫಿಕ್ಸ್‌ಗೆ ಹಟ ಹಿಡಿದದ್ದು ಇವೆರಡಕ್ಕಾಗಿಯೇ. ಹಾಕಿದ ಮೇಲೆ ವಿಂಡೋಸ್ ಆವೃತ್ತಿ ಎಕ್ಸ್‌ಪಿಯಲ್ಲೇ ಇದೆಯಾ ಅಂತ ಮತ್ತೊಮ್ಮೆ ನೋಡಿಕೊಳ್ಳಿ. ವೈನ್‌ಟ್ರಿಕ್ಸ್ ನೆಟ್‌ನಿಂದ ಇಳಿಸಿಕೊಂಡ ಫೈಲುಗಳು ಮನೆ ಫೋಲ್ಡರಿನ ಕ್ಯಾಷ್‌ನಲ್ಲಿ ಉಳಿಯುತ್ತವೆ. ಅದನ್ನೂ ಬ್ಯಾಕಪ್‌ಗೆ ಸೇರಿಸಿದ್ದೇನೆ. ಇಷ್ಟು ಹಳೆಯ ಫೈಲುಗಳು ನಾಳೆಯೂ ನೆಟ್‌ನಲ್ಲಿ ಇರುತ್ತವೆ ಅಂತ ನಂಬಿ ಕೂರಬಾರದು.

ಪ್ರೋಗ್ರಾಂ ತೆರೆಯಿತು. ಆದರೆ "ಈ ಕಂಪ್ಯೂಟರಿಗೆ ನೋಂದಣಿ ಆಗಿಲ್ಲ" ಅಂತ ಹೇಳಿ ಮುಚ್ಚಿಕೊಂಡಿತು. ಪ್ರೋಗ್ರಾಂ ಬರೆದವರು ಸಿ ಡ್ರೈವಿನ ಸೀರಿಯಲ್ ಸಂಖ್ಯೆಗೆ ಬೀಗ ಹಾಕಿದ್ದರು. ಆಗಿನ ಕಾಲಕ್ಕೆ ಅದು ರೂಢಿ. ದೇವಸ್ಥಾನ ದುಡ್ಡು ಕೊಟ್ಟೇ ಕೊಂಡದ್ದು, ರಶೀದಿಯೂ ಕಡತದಲ್ಲಿದೆ. ಹಾಗಾಗಿ ತಮ್ಮದೇ ಪ್ರೋಗ್ರಾಮನ್ನು ತಮ್ಮದೇ ಇನ್ನೊಂದು ಯಂತ್ರಕ್ಕೆ ಒಯ್ಯುವುದರಲ್ಲಿ ನನಗೆ ಹಿಂಜರಿಕೆ ಇರಲಿಲ್ಲ. ಹಳೆಯ ಯಂತ್ರದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವಾಲ್’ ಅಂತ ಹೊಡೆದರೆ ಎಂಟು ಅಕ್ಷರದ ಆ ಸಂಖ್ಯೆ ಬರುತ್ತದೆ. ವೈನ್‌ಸಿಎಫ್‌ಜಿಯ ಡ್ರೈವ್ ಪುಟದಲ್ಲಿ ಸುಧಾರಿತ ಆಯ್ಕೆ ತೆರೆದರೆ ಸೀರಿಯಲ್ ಬರೆಯಲು ಜಾಗ ಇದೆ. ಅದೇ ಸಂಖ್ಯೆಯನ್ನು ಅಲ್ಲಿ ಬರೆದೆ. ಲಾಗಿನ್ ಪರದೆ ಬಂತು. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಪ್ರೋಗ್ರಾಂಗಳನ್ನು ಜನ ಕೈಬಿಟ್ಟಿರಬಹುದು ಅನಿಸುತ್ತದೆ.

ಡೇಟಾದ ದಾರಿಯನ್ನು ಪ್ರೋಗ್ರಾಂ ಒಳಗೇ ಡಿ ಡ್ರೈವ್ ಅಂತ ಬರೆದಿಟ್ಟಿದ್ದರು. ಲಿನಕ್ಸ್‌ನಲ್ಲಿ ಒಂದು ಫೋಲ್ಡರ್ ಮಾಡಿ ಅದನ್ನೇ ವೈನ್‌ಗೆ ಡಿ ಡ್ರೈವ್ ಅಂತ ತೋರಿಸಿದೆ. ಜೊತೆಗೆ ಝಡ್ ಡ್ರೈವ್ ತೆಗೆದುಹಾಕಿದೆ. ಇಡೀ ಲಿನಕ್ಸ್ ಡಿಸ್ಕನ್ನು ವಿಂಡೋಸ್ ಪ್ರೋಗ್ರಾಂಗೆ ತೋರಿಸುವುದು ಅದೇ ಡ್ರೈವ್. ಇಲ್ಲಿ ಅದರ ಅಗತ್ಯ ಇಲ್ಲ.

ಅಕ್ಷರಗಳು

ಪರದೆಯಲ್ಲಿ ಕನ್ನಡ ಇರಬೇಕಾದ ಕಡೆ ಎಲ್ಲ ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ. ಕನ್ನಡ ಬರೆಯುವ ನುಡಿ ತಂತ್ರಾಂಶದ ಹಳೆಯ ಫೈಲ್ ತೆರೆದವರಿಗೆಲ್ಲ ಗೊತ್ತಿರುವ ದೃಶ್ಯ. ಎಲ್ಲ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ಬರುವ ಮೊದಲು ಕನ್ನಡದ ಅಕ್ಷರ, ಕಾಗುಣಿತ, ಒತ್ತುಗಳ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದರು. ‘ಕನ್ನಡ’ ಅಂತ ಬರೆದರೆ ಫೈಲಿನಲ್ಲಿ ಉಳಿಯುವುದು ಪಿ, ಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಗೆರೆಯ ಎ, ಜರ್ಮನ್‌ನ ಜೋಡಿ ಎಸ್, ಕ್ಯೂ, ಮತ್ತೆ ಗೆರೆಯ ಎ. ಅದಕ್ಕೆ ನುಡಿ ಫಾಂಟ್ ಹಚ್ಚಿದಾಗ ಮಾತ್ರ ಕನ್ನಡ.

ಹಳೆಯ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದಲೇ ನುಡಿ ಫಾಂಟುಗಳನ್ನು ತಂದು ಪ್ರಿಫಿಕ್ಸ್‌ನ ಫಾಂಟ್ಸ್ ಫೋಲ್ಡರಿಗೆ ಹಾಕಿದೆ. ನೆಟ್‌ನಲ್ಲಿ ಸಿಗುವ ಹೊಸ ಯೂನಿಕೋಡ್ ಫಾಂಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫಾಂಟಿನ ಒಳಗಿನ ಹೆಸರು ಪ್ರೋಗ್ರಾಂ ಕೇಳುವ ಹೆಸರಿಗೆ ಪೂರ್ತಿ ಹೊಂದಬೇಕು. ಫೈಲಿನ ಹೆಸರು ಏನಿದ್ದರೂ ನಡೆಯುತ್ತದೆ. ‘ನುಡಿ 01 ಇ’ ಕೇಳುವ ಕಡೆ ‘ನುಡಿ ಅಕ್ಷರ’ ಇದ್ದರೆ ಆಗದು.

ಕನ್ನಡ ಬಂತು, ಆದರೆ ಕೆಲವು ಒತ್ತುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಇದಕ್ಕೆ ಕಾರಣ ಲೋಕೇಲ್, ಅಂದರೆ ಭಾಷೆ ಮತ್ತು ಪ್ರದೇಶದ ಸೆಟ್ಟಿಂಗ್. ಈ ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪ್ ಭಾಷೆ ಕನ್ನಡ. ವಿಂಡೋಸ್ ಲೋಕದಲ್ಲಿ ಕನ್ನಡಕ್ಕೆ ಹಳೆಯ ಮಾದರಿಯ ಕೋಡ್‌ಪೇಜ್ (ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಪಟ್ಟಿ) ಇಲ್ಲವೇ ಇಲ್ಲ, ಯೂನಿಕೋಡ್ ಮಾತ್ರ. ವಿಷುಯಲ್ ಬೇಸಿಕ್ 6ರ ಪೆಟ್ಟಿಗೆಗಳಿಗೆ ಬೇಕಾದದ್ದು ಕೋಡ್‌ಪೇಜ್ 1252. ಇಂಗ್ಲಿಷ್ (ಭಾರತ) ಲೋಕೇಲ್‌ಗೆ ಅದೇ ಕೋಡ್‌ಪೇಜ್. ಡೆಸ್ಕ್‌ಟಾಪ್ ಕನ್ನಡದಲ್ಲೇ ಇರಲಿ, ಸೇವಾ ಪ್ರೋಗ್ರಾಂ ಮಾತ್ರ ಆ ಲೋಕೇಲ್‌ನಲ್ಲಿ ಶುರುವಾಗಲಿ ಅಂತ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಒತ್ತುಗಳೆಲ್ಲ ತಮ್ಮ ಜಾಗಕ್ಕೆ ಬಂದವು.

ಟೈಪ್ ಮಾಡುವುದು ಸುಲಭವಾಯಿತು. ಈ ಪ್ರೋಗ್ರಾಂ ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಗಳನ್ನು ತಾನೇ ಒಳಗೆ ಕನ್ನಡ ಮಾಡಿಕೊಳ್ಳುತ್ತದೆ. ಹಾಗಾಗಿ ಲಿನಕ್ಸ್‌ನಲ್ಲಿ ಟೈಪಿಂಗ್ ಭಾಷೆ ಆರಿಸುವ ಐಬಸ್‌ನಲ್ಲಿ ಕೀಲಿಮಣೆ ಇಂಗ್ಲಿಷ್‌ನಲ್ಲೇ ಇರಬೇಕು. ಅಲ್ಲಿ ಕನ್ನಡ ಆರಿಸಿದರೆ ಯೂನಿಕೋಡ್ ಅಕ್ಷರ ಹೋಗುತ್ತದೆ, 1252ರಲ್ಲಿ ಅದಕ್ಕೆ ಜಾಗ ಇಲ್ಲ, ಪ್ರಶ್ನಾರ್ಥಕ ಚಿಹ್ನೆಯೇ ಬೀಳುತ್ತದೆ. ನಿಮ್ಮ ಪ್ರೋಗ್ರಾಂ ಹೊರಗಿನ ಕೀಲಿಮಣೆ ತಂತ್ರಾಂಶವನ್ನು ನೆಚ್ಚಿಕೊಂಡಿದ್ದರೆ ಒಂದು ವಿಷಯ ಗೊತ್ತಿರಲಿ. ವೈನ್ ಒಳಗೆ ಓಡುವ ಅಂಥ ತಂತ್ರಾಂಶಕ್ಕೆ ವೈನ್‌ನ ಕಿಟಕಿಗಳಲ್ಲಿ ಒತ್ತಿದ ಕೀಲಿ ಮಾತ್ರ ಕಾಣುತ್ತದೆ. ಎರಡನ್ನೂ ಒಂದೇ ಪ್ರಿಫಿಕ್ಸ್‌ನಲ್ಲಿ ಶುರು ಮಾಡಿ ನೋಡಬೇಕು.

ತಾರೀಕು

ಇಡೀ ಕೆಲಸದಲ್ಲಿ ನನಗೆ ಅತಿ ಭಯ ಇದ್ದದ್ದು ತಾರೀಕಿನ ಬಗ್ಗೆ. ಫಾಂಟ್ ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಓಸಿಎಕ್ಸ್ ಇಲ್ಲದಿದ್ದರೆ ಪ್ರೋಗ್ರಾಂ ತೆರೆಯುವುದೇ ಇಲ್ಲ. ತಾರೀಕು ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಪೆಟ್ಟಿಗೆಯಲ್ಲಿ ಬರೆದ ತಾರೀಕನ್ನು ವಿಷುಯಲ್ ಬೇಸಿಕ್ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ನೋಡಿ ಅರ್ಥ ಮಾಡಿಕೊಳ್ಳುತ್ತದೆ. ಸೆಟ್ಟಿಂಗ್ ಅಮೆರಿಕದ್ದು ಇದ್ದರೆ 03/04 ಅನ್ನುವುದು ಏಪ್ರಿಲ್ 3 ಆಗದೆ ಮಾರ್ಚ್ 4 ಆಗುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ, 13/04 ಬರೆದರೆ ಹದಿಮೂರನೇ ತಿಂಗಳು ಇಲ್ಲವಲ್ಲ ಅಂತ ಅದೇ ತಿರುಗಿಸಿ ಏಪ್ರಿಲ್ 13 ಮಾಡಿಕೊಳ್ಳುತ್ತದೆ. ಅಂದರೆ ತಿಂಗಳ 13ರಿಂದ ಮುಂದೆ ಎಲ್ಲ ಸರಿ, 12ರ ತನಕ (ದಿನ, ತಿಂಗಳು ಒಂದೇ ಅಂಕಿ ಆಗದಿದ್ದರೆ) ತಪ್ಪು. ಪರೀಕ್ಷೆ ಮಾಡಿದ ದಿನ 20ನೇ ತಾರೀಕಾಗಿದ್ದರೆ "ಸರಿ ಇದೆ" ಅಂತ ಮನೆಗೆ ಹೋಗುತ್ತೇವೆ. ತಿಥಿಯ ಮೇಲೆ ನಡೆಯುವ ಪೂಜೆಗೆ ಇದರಿಂದ ತೊಂದರೆ ಇಲ್ಲ, ತಿಥಿಯನ್ನು ಬೇರೆ ಕಾಲಂನಲ್ಲಿ ಇಟ್ಟಿದ್ದಾರೆ. ಆದರೆ ಹುಟ್ಟುಹಬ್ಬ, ಮದುವೆಯ ದಿನ ಅಂತ ಇಂಗ್ಲಿಷ್ ತಾರೀಕಿಗೆ ಬರೆಸಿದವರು ಬಹಳ ಜನ ಇದ್ದಾರೆ.

ರಿಜಿಸ್ಟ್ರಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಇಂಟರ್‌ನ್ಯಾಷನಲ್ ಅನ್ನುವ ಕೀಲಿಯ (ರಿಜಿಸ್ಟ್ರಿಯ ವಿಭಾಗದ) ಕೆಳಗೆ ಚಿಕ್ಕ ತಾರೀಕಿನ ಮಾದರಿ ಇರುತ್ತದೆ. ಹಳೆಯ ಯಂತ್ರದಲ್ಲಿ ಇದ್ದಂತೆಯೇ ದಿನ, ತಿಂಗಳು, ನಾಲ್ಕು ಅಂಕಿಯ ವರ್ಷ ಅಂತ ಅಲ್ಲಿ ಬರೆದೆ. ಆದರೆ ವೈನ್ ಬೇರೆ ಲೋಕೇಲ್‌ನಲ್ಲಿ ಶುರುವಾದರೆ ಆ ಕೀಲಿಯನ್ನು ತಾನೇ ತಿದ್ದಿಬಿಡುತ್ತದೆ. ಯಾರಾದರೂ ಸ್ಕ್ರಿಪ್ಟ್ ಬಿಟ್ಟು ಎಕ್ಸ್ಇ ಫೈಲನ್ನೇ ಡಬಲ್ ಕ್ಲಿಕ್ ಮಾಡಿದರೆ ಸಾಕು. ಅದಕ್ಕೆ ಸ್ಕ್ರಿಪ್ಟ್ ಪ್ರತಿ ಸಲ ಪ್ರೋಗ್ರಾಂಗೆ ಮೊದಲು ಆ ಮಾದರಿಯನ್ನು ಮತ್ತೆ ಬರೆಯುತ್ತದೆ. ಎಕ್ಸ್ಇ ಫೈಲಿಗೆ ಡಬಲ್ ಕ್ಲಿಕ್‌ನ ನಂಟನ್ನೂ ತೆಗೆದೆ.

ಆಮೇಲೆ ಹಳೆಯ ಯಂತ್ರ, ಹೊಸ ಯಂತ್ರ ಅಕ್ಕಪಕ್ಕ ಇಟ್ಟು ರಾಯರ ಜೊತೆ ಕೂತೆ. ಅವರು ಎರಡರಲ್ಲೂ ಒಂದೇ ರಶೀದಿಗಳನ್ನು ಹಾಕಿದರು, ಬೇಕಂತಲೇ 12ರ ಒಳಗಿನ ತಾರೀಕುಗಳು. ವರ್ಷದ ಮೊತ್ತ, ಸೇವೆವಾರು ಮೊತ್ತ, ತಿಂಗಳ ಶಾಶ್ವತ ಪೂಜೆಯ ಪಟ್ಟಿ ಎರಡೂ ಕಡೆ ತೆಗೆದು ಸಾಲು ಸಾಲು ಹೋಲಿಸಿದೆವು. "ತಮ್ಮಾ, ಫೆಬ್ರವರಿ 29ರದ್ದೂ ನೋಡು, ನಮ್ಮಲ್ಲಿ ಒಬ್ಬರು ಇದ್ದಾರೆ" ಅಂದರು. ಅದು ನನಗೆ ಹೊಳೆದಿರದ ಪರೀಕ್ಷೆ. ಎರಡೂ ಕಡೆ ಒಂದೇ ಬಂತು.

ಪ್ರಿಂಟರ್

ಕೌಂಟರ್‌ನಲ್ಲಿ ಇರುವುದು 9 ಪಿನ್ನಿನ ಡಾಟ್ ಮ್ಯಾಟ್ರಿಕ್ಸ್. ಅಂಚಿನಲ್ಲಿ ತೂತು ಇರುವ ಉದ್ದನೆಯ ಪೇಪರ್, ನಡುವೆ ಕಾರ್ಬನ್. ಲೇಸರ್ ಪ್ರಿಂಟರ್ ತರೋಣ ಅಂದರೆ ಕಾರ್ಬನ್ ಪ್ರತಿ ಬರುವುದಿಲ್ಲ, ಲೆಕ್ಕ ತಪಾಸಣೆಗೆ ಆ ಪ್ರತಿ ಬೇಕು.

ಮೊದಲು ಪ್ರೋಗ್ರಾಂಗೆ ಪ್ರಿಂಟರೇ ಕಾಣಲಿಲ್ಲ. ಲಿನಕ್ಸ್‌ನಲ್ಲಿ ಅಚ್ಚಿನ ಕೆಲಸ ನೋಡಿಕೊಳ್ಳುವುದು ಕಪ್ಸ್. 32 ಬಿಟ್ ವೈನ್‌ಗೆ 32 ಬಿಟ್‌ನ ಕಪ್ಸ್ ಲೈಬ್ರರಿ ಬೇಕು, ಅದನ್ನು ಐ386 ಪ್ಯಾಕೇಜಾಗಿ ಹಾಕಿದ ಮೇಲೆ ಕಂಡಿತು. ಕಪ್ಸ್‌ನಲ್ಲೇ ಎಪ್ಸನ್ 9 ಪಿನ್ ಸರಣಿಯ ಡ್ರೈವರ್ ಇದೆ. ಎಪ್ಸನ್ ಭಾಷೆ ಅರ್ಥವಾಗುವ ಬೇರೆ ಕಂಪನಿಯ ಪ್ರಿಂಟರಿಗೂ ಅದು ನಡೆಯುತ್ತದೆ. ಪ್ರೋಗ್ರಾಂ ತೆರೆಯುವ ಮೊದಲೇ ಅದನ್ನು ಡೀಫಾಲ್ಟ್ ಪ್ರಿಂಟರ್ ಮಾಡಿರಬೇಕು, ಇಲ್ಲದಿದ್ದರೆ ವಿಷುಯಲ್ ಬೇಸಿಕ್ 482 ಸಂಖ್ಯೆಯ ದೋಷ ತೋರಿಸುತ್ತದೆ.

ರಶೀದಿ ಚೆನ್ನಾಗಿ ಬಂತು, ಆದರೆ ಪೇಪರ್ ಒಂದು ಪೂರ್ತಿ ಪುಟ ಮುಂದೆ ಓಡಿತು. ನಮ್ಮ ರಶೀದಿ 10 ಇಂಚು ಅಗಲ, 6 ಇಂಚು ಉದ್ದ. ಡ್ರೈವರಿನ ಪಟ್ಟಿಯಲ್ಲಿ ಆ ಅಳತೆ ಇರಲಿಲ್ಲ. ಪ್ರಿಂಟರಿನ ವಿವರ ಇರುವ ಪಿಪಿಡಿ ಫೈಲಿನಲ್ಲಿ ಆ ಅಳತೆ ಸೇರಿಸಬೇಕು. ಅಲ್ಲಿ ಅಳತೆ ಬರೆಯುವುದು ಪಾಯಿಂಟ್‌ಗಳಲ್ಲಿ, ಒಂದು ಇಂಚಿಗೆ 72. ಹಾಗಾಗಿ 720ಕ್ಕೆ 432 ಅಂತ ಸೇರಿಸಿ ಅದನ್ನೇ ಡೀಫಾಲ್ಟ್ ಮಾಡಿದೆ. ಈಗ ಪ್ರತಿ ರಶೀದಿಯೂ ಹರಿದು ತೆಗೆಯುವ ಗೆರೆಗೆ ಸರಿಯಾಗಿ ನಿಲ್ಲುತ್ತದೆ.

ಕನ್ನಡ ಅಕ್ಷರ ಚಿತ್ರವಾಗಿ ಹೋಗುವುದರಿಂದ ಅಚ್ಚು ನಿಧಾನ. ರೆಸಲ್ಯೂಶನ್ ನಡುವಿನದಕ್ಕೆ ಇಟ್ಟೆ. ಅದಕ್ಕಿಂತ ಕೆಳಗೆ ಇಳಿಸಿದರೆ ‘ಷ’ ‘ಪ’ ಒಂದೇ ಥರ ಕಾಣುತ್ತವೆ. ಹೆಸರು ತಪ್ಪಾಗಿ ಓದಿ ಸಂಕಲ್ಪ ಮಾಡುವಂತೆ ಆಗಬಾರದಲ್ವಾ.

ದಿನದ ಲೆಕ್ಕದ ಸಾರಾಂಶ ಮಾತ್ರ ಇಂಗ್ಲಿಷ್‌ನಲ್ಲಿದೆ. ಅದನ್ನು ಪ್ರೋಗ್ರಾಂ ನೇರವಾಗಿ ಎಲ್‌ಪಿಟಿ1ಕ್ಕೆ (ಹಳೆಯ ಪ್ರಿಂಟರ್ ಪೋರ್ಟ್) ಕಳಿಸುತ್ತದೆ. ವೈನ್‌ನ ರಿಜಿಸ್ಟ್ರಿಯಲ್ಲಿ ಪೋರ್ಟ್ಸ್ ಅನ್ನುವ ಕೀಲಿಯ ಕೆಳಗೆ ಎಲ್‌ಪಿಟಿ1 ಅಂದರೆ ಯುಎಸ್‌ಬಿ ಪ್ರಿಂಟರಿನ ಸಾಧನ ಫೈಲ್ ಅಂತ ಬರೆದು, ಕೌಂಟರಿನ ಬಳಕೆದಾರನನ್ನು ‘ಎಲ್‌ಪಿ’ ಗುಂಪಿಗೆ ಸೇರಿಸಿದರೆ ಸಾಕಾಯಿತು. ಪ್ರಿಫಿಕ್ಸ್‌ನ ಡಾಸ್‌ಡಿವೈಸಸ್ ಫೋಲ್ಡರಿನಲ್ಲಿ ಕೈಯಿಂದ ಕೊಂಡಿ ಮಾಡಿದರೆ ಉಳಿಯುವುದಿಲ್ಲ. ವೈನ್ ಮತ್ತೆ ಶುರುವಾದಾಗ ಅದನ್ನು ತಾನೇ ಹೊಸದಾಗಿ ಬರೆಯುತ್ತದೆ.

ಡೇಟಾ ಹೊರಗೆ

ಪ್ರೋಗ್ರಾಂ ಈಗ ಓಡುತ್ತಿದೆ, ರಾಯರಿಗೆ ಎಫ್2, ಎಫ್5 ಎಲ್ಲ ಹಳೆಯ ಹಾಗೇ ಇದೆ. ಹಳೆಯ ಫಾರಂಗಳು 800ಕ್ಕೆ 600ರ ಪರದೆಗೆ ಮಾಡಿದವು. ಹಾಗಾಗಿ ವೈನ್‌ನ ವರ್ಚುವಲ್ ಡೆಸ್ಕ್‌ಟಾಪ್ ಅದೇ ಅಳತೆಗೆ ಇಟ್ಟಿದ್ದೇನೆ. ಆದರೆ ನನ್ನ ಮನಸ್ಸು ಇದ್ದದ್ದು ಡೇಟಾ ಮೇಲೆ. ನುಡಿಯ ಗೂಢ ಅಕ್ಷರಗಳಲ್ಲಿ, ಎಂಡಿಬಿ ಫೈಲಿನೊಳಗೆ ಅದು ಇರುವ ತನಕ ಒಂದೇ ಒಂದು ಪ್ರೋಗ್ರಾಂಗೆ ಅದು ಅಡವು.

ಲಿನಕ್ಸ್‌ನಲ್ಲಿ ಎಂಡಿಬಿಟೂಲ್ಸ್ ಅನ್ನುವ ಸಲಕರಣೆ ಇದೆ. ಆಕ್ಸೆಸ್ ಫೈಲನ್ನು ಆಕ್ಸೆಸ್ ಇಲ್ಲದೆಯೇ ಓದುತ್ತದೆ. ಟೇಬಲ್‌ಗಳ ಪಟ್ಟಿ ಕೊಡುತ್ತದೆ, ಒಂದೊಂದನ್ನೂ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಪಟ್ಟಿ) ಮಾಡಿ ಕೊಡುತ್ತದೆ. ತಾರೀಕನ್ನು ವರ್ಷ, ತಿಂಗಳು, ದಿನ ಅಂತ ಬರೆಯುವಂತೆ ಕೇಳಿಕೊಂಡೆ, ಆಗ ಗೊಂದಲಕ್ಕೆ ಜಾಗವೇ ಇಲ್ಲ. ಆಮೇಲೆ ನುಡಿ ಅಕ್ಷರಗಳನ್ನು ಯೂನಿಕೋಡ್ ಮಾಡುವ ಮುಕ್ತ ತಂತ್ರಾಂಶದಿಂದ ಹೆಸರು, ಗೋತ್ರ, ವಿಳಾಸದ ಕಾಲಂಗಳನ್ನು ಬದಲಿಸಿದೆ. ಒಂದು ಚಿಹ್ನೆಗೆ ಒಂದು ಅಕ್ಷರ ಅಂತ ಬದಲಿಸಿದರೆ ಆಗುವುದಿಲ್ಲ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಶರ್ಮ’, ‘ಕರ್ಕಾಟಕ’, ‘ಕಾರ್ತೀಕ’ ಇಂಥ ಪದಗಳನ್ನು ಹುಡುಕಿ ನೋಡಿದರೆ ಪರಿವರ್ತನೆ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಬರೆದ ವಿಳಾಸಗಳನ್ನು ಪರಿವರ್ತನೆಗೆ ಕೊಡಬಾರದು, ಅವು ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ಅವನ್ನು ಮೊದಲೇ ಬೇರೆ ಮಾಡಿದೆ.

ಇದರಿಂದ ಕೂಡಲೇ ಸಿಕ್ಕ ಲಾಭ ಹುಡುಕಾಟ. ಹಳೆಯ ಪ್ರೋಗ್ರಾಂನಲ್ಲಿ ಹೆಸರುಗಳು ಕನ್ನಡದ ಅಕ್ಷರಮಾಲೆಯಂತೆ ಬರುತ್ತಿರಲಿಲ್ಲ, ಫಾಂಟಿನ ಮನೆಗಳ ಕ್ರಮದಲ್ಲಿ ಬರುತ್ತಿದ್ದವು. ಈಗ ಪಟ್ಟಿಯನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ‘ಅ’ದಿಂದ ಶುರುವಾಗುತ್ತದೆ. ಎರಡೆರಡು ಸಲ ಸೇರಿದ್ದ ಕೆಲವು ಹೆಸರುಗಳು ಅಕ್ಕಪಕ್ಕ ಬಂದು ಸಿಕ್ಕವು.

ರಾತ್ರಿ ಕೌಂಟರ್ ಮುಚ್ಚಿದ ಮೇಲೆ ಒಂದು ಕೆಲಸ ತಾನಾಗಿ ನಡೆಯುತ್ತದೆ. ಎಂಡಿಬಿಯ ಪಕ್ಕ ಎಲ್‌ಡಿಬಿ ಬೀಗದ ಫೈಲ್ ಇದೆಯಾ, ಪ್ರೋಗ್ರಾಂ ಇನ್ನೂ ತೆರೆದಿದೆಯಾ ಅಂತ ಮೊದಲು ನೋಡುತ್ತದೆ. ಎರಡೂ ಇಲ್ಲದಿದ್ದರೆ ಎಂಡಿಬಿಯ ಪ್ರತಿ, ಯೂನಿಕೋಡ್ ಸಿಎಸ್‌ವಿ ಎರಡನ್ನೂ ತಾರೀಕು ಹಾಕಿ ಇನ್ನೊಂದು ಡಿಸ್ಕಿಗೆ ಇಡುತ್ತದೆ. ಪ್ರಿಫಿಕ್ಸ್ ಫೋಲ್ಡರನ್ನು ಇಡಿಯಾಗಿ ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಕಚೇರಿಯ ಬೀರುವಿನಲ್ಲಿ ಇಟ್ಟಿದ್ದೇನೆ. ನಾಳೆ ಈ ಕಂಪ್ಯೂಟರ್ ಕೆಟ್ಟರೆ ಇನ್ನೊಂದರಲ್ಲಿ ಡೆಬಿಯನ್, ವೈನ್ ಹಾಕಿ, ಅದೇ ಹೆಸರಿನ ಬಳಕೆದಾರನನ್ನು ಮಾಡಿ, ಆ ಫೋಲ್ಡರ್ ಬಿಚ್ಚಿದರೆ ಸಾಕು. ಓಸಿಎಕ್ಸ್, ಜೆಟ್, ಫಾಂಟ್, ಸೀರಿಯಲ್ ಎಲ್ಲ ಜೊತೆಗೇ ಬರುತ್ತವೆ. ವಿಂಡೋಸ್‌ನಲ್ಲಿ ಇಷ್ಟು ಸುಲಭವಾಗಿ ಎತ್ತಿಕೊಂಡು ಹೋಗಲು ಆಗುತ್ತಿರಲಿಲ್ಲ.

ಒಂದು ಕೆಲಸ ಬಾಕಿ ಇದೆ. ಶಾಶ್ವತ ಪೂಜೆಯ ಫಾರಂನಲ್ಲಿ ಒಂದು ಕಡೆ ವರ್ಷವನ್ನು ಎರಡೇ ಅಂಕಿಯಲ್ಲಿ ಕೇಳುತ್ತದೆ. ಹಳೆಯ ವಿಂಡೋಸ್‌ನ ನಿಯಮದಲ್ಲಿ 00ರಿಂದ 29ರ ತನಕ ಬರೆದರೆ 2000ದ ಸಾಲು, 30ರಿಂದ ಮೇಲೆ 1900ರ ಸಾಲು. ಅಂದರೆ 2030ರಲ್ಲಿ ‘30’ ಅಂತ ಬರೆದರೆ 1930 ಆಗುತ್ತದೆ. ಎಕ್ಸ್ಇ ಫೈಲನ್ನು ತಿದ್ದುವ ದಾರಿ ನಮಗಿಲ್ಲ. ಹಾಗಾಗಿ ಯೂನಿಕೋಡ್ ಸಿಎಸ್‌ವಿಯಿಂದ ಪೋಸ್ಟ್‌ಗ್ರೆಸ್ ಅನ್ನುವ ಮುಕ್ತ ಡೇಟಾಬೇಸ್‌ಗೆ ಡೇಟಾ ಹಾಕಿ, ಶಾಶ್ವತ ಪೂಜೆಗೆ ಒಂದು ಹೊಸ ಫಾರಂ ಬರೆಯಲು ಶುರು ಮಾಡಿದ್ದೇನೆ. ರಶೀದಿ ಮಾತ್ರ ಸದ್ಯಕ್ಕೆ ಹಳೆಯದರಲ್ಲೇ. ಹೊಸ ಫಾರಂನಲ್ಲಿ ಏನೇನು ಇರಬೇಕು ಅಂತ ರಾಯರು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡುತ್ತಿದ್ದಾರೆ. ಅಧಿಕ ಮಾಸ ಬಂದ ವರ್ಷ ಯಾವ ಮಾಸದಲ್ಲಿ ಪೂಜೆ ಅನ್ನುವುದಕ್ಕೆ ಒಂದು ಕಾಲಂ ಬೇಕು ಅಂತ ಮೊದಲ ಪುಟದಲ್ಲೇ ಬರೆದಿದ್ದಾರೆ. ಹಳೆಯ ಪ್ರೋಗ್ರಾಂನಲ್ಲಿ ಅದು ಇರಲಿಲ್ಲ, ಇಷ್ಟು ವರ್ಷ ಅವರೇ ನೆನಪಿಟ್ಟುಕೊಂಡು ಕೈಯಿಂದ ತಿದ್ದುತ್ತಿದ್ದರು.